ಮನೆಗೆ ಮೊದಲ ಸೋಲಾರ್: ಯಾವ ಫಲಕವನ್ನು ಆರಿಸೋಣ?



ಮನೆಗೆ ಒಂದು ಮಿಕ್ಸಿ ತರಬೇಕಾದರೆ ನಾವು ನಾಲ್ಕು ಅಂಗಡಿ ಸುತ್ತುತ್ತೇವೆ, ನೆರೆಯವರನ್ನು ಕೇಳುತ್ತೇವೆ, ಗಂಡ ಹೆಂಡತಿ ಕುಳಿತು ಮಾತನಾಡುತ್ತೇವೆ. ಆದರೆ ಮನೆಯ ತಲೆಯ ಮೇಲೆ 25 ವರ್ಷ ಕೂರಬೇಕಾದ ಸೋಲಾರ್ ಫಲಕವನ್ನು, ಬಾಗಿಲಿಗೆ ಬಂದವರು ತೋರಿಸಿದ ಬಣ್ಣದ ಕಾಗದ ನೋಡಿ ಅರ್ಧ ಗಂಟೆಯಲ್ಲಿ ಒಪ್ಪಿಕೊಳ್ಳುವವರಿದ್ದಾರೆ. ಹೀಗೆ ಕೊಡುವ ಹಣ ಸಾಮಾನ್ಯದ್ದಲ್ಲ. ಕೆಲವರಿಗೆ ಅದು ನಿವೃತ್ತಿಯಾದಾಗ ಬಂದ ಪಿ.ಎಫ್. ಹಣ, ಕೆಲವರಿಗೆ ಚೀಟಿ ಎತ್ತಿದ ಹಣ, ಇನ್ನು ಕೆಲವರಿಗೆ ಮಗಳ ಮದುವೆಗೆಂದು ಕೂಡಿಟ್ಟದ್ದು. ಆದ್ದರಿಂದ ಈ ವಾರ ಸೋಲಾರ್ ಫಲಕಗಳ ವಿಧಗಳು ಯಾವುವು, ವೈಟ್‌ಫೀಲ್ಡಿನಂಥ ಜಾಗದಲ್ಲಿ ಮೊದಲ ಬಾರಿಗೆ ಹಾಕಿಸುವ ಕುಟುಂಬವು ಯಾವುದನ್ನು ಆರಿಸಿದರೆ ಒಳ್ಳೆಯದು ಎಂಬುದನ್ನು ಸಾವಧಾನವಾಗಿ ಕಲಿಯೋಣ.

ಪಾಠದ ಸಾರವನ್ನು ಮೊದಲೇ ಹೇಳುವುದಾದರೆ, ಫಲಕದ ಹೆಸರನ್ನು ಕೇಳುವ ಮುಂಚೆ ನಿಮ್ಮ ಕರೆಂಟ್ ಬಿಲ್ಲನ್ನೂ ನಿಮ್ಮ ತಾರಸಿಯನ್ನೂ ನೋಡಬೇಕು. ಅವೆರಡು ಹೇಳಿದ ಮೇಲೆ ಫಲಕದ ಆಯ್ಕೆ ಬಹಳ ಸುಲಭ.

1. ನೀರು ಕಾಯಿಸುವುದು ಬೇರೆ, ಕರೆಂಟು ಮಾಡುವುದು ಬೇರೆ

ಬೆಂಗಳೂರಿನವರಿಗೆ ಸೋಲಾರ್ ಎಂದೊಡನೆ ನೆನಪಾಗುವುದು ಸ್ನಾನದ ಬಿಸಿನೀರು. ಎಷ್ಟೋ ಮನೆಗಳ ಮೇಲೆ ನೀರಿನ ಹೀಟರ್ ಕೂತಿದೆ. ಅದು ಬಿಸಿಲಿನ ಶಾಖವನ್ನು ಹಿಡಿದು ನೀರಿಗೆ ಕೊಡುತ್ತದೆ, ಅದರಿಂದ ಒಂದು ಬಲ್ಬೂ ಉರಿಯುವುದಿಲ್ಲ. ನಾವು ಇಲ್ಲಿ ಹೇಳುತ್ತಿರುವ ಫಲಕ ಬಿಸಿಲಿನ ಬೆಳಕನ್ನು ನೇರವಾಗಿ ವಿದ್ಯುತ್ತಾಗಿ ಮಾಡುವಂಥದ್ದು. ಹೀಟರಿಗೆ ಶಾಖ ಬೇಕು. ವಿದ್ಯುತ್ ಫಲಕಕ್ಕೆ ಬೆಳಕು ಬೇಕು, ಶಾಖ ಹೆಚ್ಚಾದರೆ ಅದರ ಶಕ್ತಿ ಕುಂದುತ್ತದೆ. ಈ ವ್ಯತ್ಯಾಸ ಮುಂದೆ ಉಪಯೋಗಕ್ಕೆ ಬರುತ್ತದೆ, ನೆನಪಿಡಿ.

ಈ ಫಲಕವೂ ನಮ್ಮ ಊರಿಗೆ ಹೊಸದಲ್ಲ. ಟಾಟಾ ಬಿಪಿ ಸೋಲಾರ್ ಕಂಪನಿ 1989ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. 1995ರಲ್ಲಿ ಹುಟ್ಟಿದ ಸೆಲ್ಕೋ ಸಂಸ್ಥೆ ಕರೆಂಟು ಸರಿಯಾಗಿ ಬಾರದ ಹಳ್ಳಿಯ ಮನೆಗಳಿಗೆ ಎರಡು ನಾಲ್ಕು ದೀಪಗಳ ಸಣ್ಣ ವ್ಯವಸ್ಥೆಯನ್ನು ಬ್ಯಾಂಕ್ ಸಾಲದ ನೆರವಿನಿಂದ ತಲುಪಿಸಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡವನ ಮನೆಗೆ ಎಷ್ಟು ದೀಪ ಬೇಕು, ಎಲ್ಲಿ ಬೇಕು ಎಂದು ಮೊದಲು ಕೇಳಿ, ಆಮೇಲೆ ಸಾಮಾನು ಜೋಡಿಸುವುದು ಅವರ ಕ್ರಮ. ನಮಗೂ ಅದೇ ಕ್ರಮ ಸರಿ.

2. ಮೊದಲು ಬಿಲ್ಲು ನೋಡಿ

ಕಳೆದ 12 ತಿಂಗಳ ಬೆಸ್ಕಾಂ ಬಿಲ್ಲುಗಳನ್ನು ಹುಡುಕಿ ತೆಗೆಯಿರಿ. ಹಣವನ್ನಲ್ಲ, ಯೂನಿಟ್ಟನ್ನು ನೋಡಿ. ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ.

ಕರ್ನಾಟಕದಲ್ಲಿ 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಿತು. ತಿಂಗಳಿಗೆ 200 ಯೂನಿಟ್‌ವರೆಗಿನ ಮನೆಬಳಕೆಗೆ, ಆ ಮನೆಯ ಹಿಂದಿನ ಸರಾಸರಿಯ ಆಧಾರದ ಮೇಲೆ, ಸರ್ಕಾರವೇ ಹಣ ಕೊಡುತ್ತದೆ. ನಿಮ್ಮ ಮನೆಗೆ ಈಗಾಗಲೇ ಸೊನ್ನೆ ಬಿಲ್ಲು ಬರುತ್ತಿದ್ದರೆ, ಸೋಲಾರಿನಿಂದ ಉಳಿಯುವ ಹಣ ಬಹಳ ಕಡಿಮೆ. ಅಂಥ ಕುಟುಂಬ ಸಾಲ ಮಾಡಿ ಫಲಕ ಹಾಕಿಸುವ ಅವಸರಪಡಬೇಕಾಗಿಲ್ಲ. ಮಾರುವವರು ಈ ಮಾತನ್ನು ತಾವಾಗಿ ಹೇಳುವುದು ಅಪರೂಪ. ಬಳಕೆ 200 ಯೂನಿಟ್ ದಾಟಿ ಪೂರ್ತಿ ಬಿಲ್ಲು ಕಟ್ಟುತ್ತಿರುವ ಮನೆಗೆ ಮಾತ್ರ ಲೆಕ್ಕ ಬೇರೆ.

ವೈಟ್‌ಫೀಲ್ಡಿನಲ್ಲಿ ಇನ್ನೊಂದು ವಿಷಯವಿದೆ. ಕೆಳಗೆ ತಾವಿದ್ದು ಮೇಲಿನ ಎರಡು ಮಹಡಿಗಳನ್ನು ಬಾಡಿಗೆಗೆ ಕೊಟ್ಟಿರುವ ಕುಟುಂಬಗಳು ಅನೇಕ. ಪ್ರತಿ ಮಹಡಿಗೂ ಬೇರೆ ಮೀಟರ್, ಬೇರೆ ಆರ್.ಆರ್. ನಂಬರು. ಸೋಲಾರ್ ಯಾವ ಮೀಟರಿಗೆ ಜೋಡಣೆಯಾಗುತ್ತದೆಯೋ ಆ ಮೀಟರಿನ ಬಿಲ್ಲು ಮಾತ್ರ ಇಳಿಯುತ್ತದೆ. ಆದ್ದರಿಂದ ಕಟ್ಟಡದ ಒಟ್ಟು ಯೂನಿಟ್ ಸೇರಿಸಿ ದೊಡ್ಡ ವ್ಯವಸ್ಥೆಯ ಲೆಕ್ಕ ಹಾಕಬೇಡಿ.

ಈಗ ಅಳತೆ. ನಮ್ಮ ಬೆಂಗಳೂರಿನ ಬಿಸಿಲಿನಲ್ಲಿ 1 ಕಿಲೋವಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಮಾರ್ಚಿಯಲ್ಲಿ ಹೆಚ್ಚು, ಮೋಡ ಕವಿದ ಜುಲೈಯಲ್ಲಿ ಕಡಿಮೆ. ತಿಂಗಳಿಗೆ 240 ಯೂನಿಟ್ ಬಳಸುವ ಮನೆಗೆ 2 ಕಿಲೋವಾಟ್ ಸಾಕು, 360 ಯೂನಿಟ್ ಬಳಸುವ ಮನೆಗೆ 3 ಕಿಲೋವಾಟ್. ಯೂನಿಟ್‌ಗೆ ಸುಮಾರು 6 ರೂಪಾಯಿ ಎಂದಿಟ್ಟುಕೊಂಡರೆ ಎರಡನೆಯ ಮನೆಗೆ ತಿಂಗಳಿಗೆ 2,000 ರೂಪಾಯಿಯ ಆಸುಪಾಸು ಉಳಿತಾಯ. ನಿಗದಿತ ಶುಲ್ಕ ಮಾತ್ರ ಹಾಗೆಯೇ ಉಳಿಯುತ್ತದೆ. ಬಳಕೆಗಿಂತ ಬಹಳ ದೊಡ್ಡದು ಹಾಕಿಸಿದರೆ, ಹೆಚ್ಚಾಗಿ ಬೆಸ್ಕಾಂಗೆ ಹೋದ ಯೂನಿಟ್ಟಿಗೆ ಸಿಗುವ ದರ ನಾವು ಕೊಡುವ ದರಕ್ಕಿಂತ ಕಡಿಮೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

3. ಫಲಕಗಳ ವಿಧಗಳು

ಮನೆಗಳಿಗೆ ಬರುವ ಫಲಕಗಳು ಬಹುಪಾಲು ಸಿಲಿಕಾನ್ ಎಂಬ ಮೂಲವಸ್ತುವಿನಿಂದ ಆದವು. ಅದನ್ನು ಹೇಗೆ ತಯಾರಿಸುತ್ತಾರೆ ಎಂಬುದರ ಮೇಲೆ ವಿಧಗಳು ನಿಂತಿವೆ.

ಪಾಲಿಕ್ರಿಸ್ಟಲೈನ್: ಕರಗಿಸಿದ ಸಿಲಿಕಾನನ್ನು ಅಚ್ಚಿಗೆ ಸುರಿದು ಗಟ್ಟಿಮಾಡುತ್ತಾರೆ. ಅದರೊಳಗೆ ಅನೇಕ ಹರಳುಗಳು ಸೇರಿಕೊಂಡಿರುತ್ತವೆ. ಬಣ್ಣ ನೀಲಿ, ಹತ್ತಿರದಿಂದ ನೋಡಿದರೆ ಒಡೆದ ಮಂಜುಗಡ್ಡೆಯಂತೆ ಚೂರು ಚೂರಾಗಿ ಹೊಳೆಯುತ್ತದೆ. ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 15ರಿಂದ 17 ಭಾಗವನ್ನು ವಿದ್ಯುತ್ತಾಗಿ ಮಾಡುತ್ತದೆ. ಇದನ್ನೇ ದಕ್ಷತೆ ಎನ್ನುವುದು. ಬಹಳ ವರ್ಷ ಇದೇ ಅಗ್ಗದ ಫಲಕವಾಗಿತ್ತು. ಈಗ ಇದರ ತಯಾರಿಕೆ ತೀರ ಇಳಿದಿದೆ.

ಮಾನೋಕ್ರಿಸ್ಟಲೈನ್: ಇಡೀ ಬಿಲ್ಲೆ ಒಂದೇ ಹರಳಿನಿಂದ ಕೊಯ್ದದ್ದು. ಬಣ್ಣ ಕಪ್ಪು, ಒಂದೇ ಸಮ. ಇದರಲ್ಲಿ ಈಗ ಹೆಚ್ಚು ಸಿಗುವುದು ‘ಮಾನೋ ಪರ್ಕ್’ ಎಂಬ ಬಗೆ. ದಕ್ಷತೆ ನೂರಕ್ಕೆ 19ರಿಂದ 21ರಷ್ಟು.

ಟಾಪ್‌ಕಾನ್: ಇದೂ ಮಾನೋ ಹರಳೇ, ಆದರೆ ಬಿಲ್ಲೆಯ ಹಿಂಬದಿಯಲ್ಲಿ ಅತಿ ತೆಳುವಾದ ಇನ್ನೊಂದು ಪದರವಿದೆ. ಅದರಿಂದ ವಿದ್ಯುತ್ ಸೋರಿಕೆ ಕಡಿಮೆ. ದಕ್ಷತೆ ನೂರಕ್ಕೆ 22ರ ಆಸುಪಾಸು. ಬಿಸಿಗೆ ಪರ್ಕ್‌ಗಿಂತ ಸ್ವಲ್ಪ ಚೆನ್ನಾಗಿ ತಡೆಯುತ್ತದೆ.

ತೆಳುಪದರದ ಫಲಕ: ಗಾಜಿನ ಮೇಲೆ ಬಣ್ಣ ಬಳಿದಂತೆ ತೆಳುವಾಗಿ ಹಚ್ಚಿದ್ದು. ಹಳೆಯ ಕ್ಯಾಲ್ಕುಲೇಟರುಗಳಲ್ಲಿ ಇದ್ದದ್ದು ಈ ಜಾತಿಯ ಒಂದು ಬಗೆ. ಅದರಲ್ಲಿ ಉತ್ತಮ ಬಗೆಗಳನ್ನು ದೊಡ್ಡ ಸೋಲಾರ್ ಬಯಲುಗಳಲ್ಲಿ ಬಳಸುತ್ತಾರೆ. ಚಿಕ್ಕ ತಾರಸಿಯ ಮನೆಗೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ.

ಇದಲ್ಲದೆ ಎರಡು ಮಾತುಗಳು ನಿಮ್ಮ ಕಿವಿಗೆ ಬೀಳುತ್ತವೆ. ‘ಹಾಫ್ ಕಟ್’ ಎಂದರೆ ಬಿಲ್ಲೆಗಳನ್ನು ಅರ್ಧಕ್ಕೆ ಕತ್ತರಿಸಿ ಜೋಡಿಸಿದ್ದು. ಫಲಕದ ಕೆಳಭಾಗಕ್ಕೆ ನೆರಳು ಬಿದ್ದರೂ ಮೇಲ್ಭಾಗ ಕೆಲಸ ಮಾಡುತ್ತದೆ. ಇದು ಒಳ್ಳೆಯದು, ಈಗ ಬಹುತೇಕ ಹೊಸ ಫಲಕಗಳಲ್ಲಿ ಇದ್ದೇ ಇರುತ್ತದೆ. ‘ಬೈಫೇಶಿಯಲ್’ ಎಂದರೆ ಎರಡು ಮುಖದ ಫಲಕ. ನೆಲದಿಂದ ಮರಳಿ ಬರುವ ಬೆಳಕನ್ನು ಹಿಂಬದಿಯೂ ಹಿಡಿಯುತ್ತದೆ. ತಾರಸಿಗೆ ಬಿಳಿ ಬಣ್ಣ ಬಳಿದು, ಫಲಕವನ್ನು ಎತ್ತರದ ಕಂಬಗಳ ಮೇಲೆ ನಿಲ್ಲಿಸಿದರೆ ಮಾತ್ರ ಪ್ರಯೋಜನ. ಒಂದಡಿ ಎತ್ತರದಲ್ಲಿ, ಕಪ್ಪು ಹಿಡಿದ ಸಿಮೆಂಟಿನ ಮೇಲೆ ಮಲಗಿಸಿದರೆ ಅದಕ್ಕೆ ಕೊಟ್ಟ ಹೆಚ್ಚಿನ ಹಣ ದಂಡ.

4. ದಕ್ಷತೆ ಎಂದರೆ ಜಾಗ

ಇಲ್ಲಿ ಬಹಳ ಮಂದಿಗೆ ಗೊಂದಲವಾಗುತ್ತದೆ. ಒಂದು ಕಿಲೋ ಹತ್ತಿ ಭಾರವೋ, ಒಂದು ಕಿಲೋ ಕಬ್ಬಿಣ ಭಾರವೋ ಎಂದು ಮಕ್ಕಳನ್ನು ಕೇಳುತ್ತೇವಲ್ಲ, ಹಾಗೆಯೇ ಇದು. 3 ಕಿಲೋವಾಟ್ ನೀಲಿ ಫಲಕವೂ 3 ಕಿಲೋವಾಟ್ ಕಪ್ಪು ಫಲಕವೂ ದಿನಕ್ಕೆ ಕೊಡುವ ಯೂನಿಟ್ ಹೆಚ್ಚುಕಡಿಮೆ ಒಂದೇ. ಕಪ್ಪು ಫಲಕ ಹಾಕಿದೊಡನೆ ಯೂನಿಟ್ ಸುರಿಯುತ್ತದೆ ಎನ್ನುವುದು ತಪ್ಪು. ವ್ಯತ್ಯಾಸ ಇರುವುದು ಅವು ಹಿಡಿಯುವ ಜಾಗದಲ್ಲಿ.

ಲೆಕ್ಕ ನೋಡಿ. 330 ವಾಟಿನ ಒಂದು ಪಾಲಿ ಫಲಕ ಸುಮಾರು 21 ಚದರ ಅಡಿ. 3.3 ಕಿಲೋವಾಟಿಗೆ ಅಂಥ 10 ಫಲಕ, ಒಟ್ಟು 210 ಚದರ ಅಡಿ. 550 ವಾಟಿನ ಒಂದು ಮಾನೋ ಪರ್ಕ್ ಫಲಕ ಸುಮಾರು ಏಳೂವರೆ ಅಡಿ ಉದ್ದ, ಕಾಲು ಕಡಿಮೆ ನಾಲ್ಕಡಿ ಅಗಲ, ಅಂದರೆ 28 ಚದರ ಅಡಿ. 3.3 ಕಿಲೋವಾಟಿಗೆ 6 ಫಲಕ, ಒಟ್ಟು 168 ಚದರ ಅಡಿ. ಅದೇ ಅಳತೆಯ ಟಾಪ್‌ಕಾನ್ ಫಲಕ 575 ವಾಟ್ ಕೊಡುತ್ತದೆ, ಆರು ಫಲಕಕ್ಕೆ 150 ವಾಟ್ ಹೆಚ್ಚು. ಇದರ ಮೇಲೆ ಓಡಾಡಿ ತೊಳೆಯಲು ಜಾಗ ಬೇರೆ ಬಿಡಬೇಕು.

1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ನೆಲೆಯಾಗಿ ವೈಟ್‌ಫೀಲ್ಡ್ ಆರಂಭವಾದಾಗ ಮನೆಯ ಸುತ್ತ ತೋಟವಿರುವಷ್ಟು ಜಾಗವಿತ್ತು. ಇಂದು ನಮ್ಮಲ್ಲಿ ಬಹುಪಾಲು ಜನರದ್ದು 30 ಅಡಿ 40 ಅಡಿಯ ಸೈಟು, ಕೆಲವರದ್ದು 20 ಅಡಿ 30 ಅಡಿ. ತಾರಸಿಯಲ್ಲಿ ಮೆಟ್ಟಿಲಿನ ಕೋಣೆ, ನೀರಿನ ಟ್ಯಾಂಕು, ಹೀಟರ್, ಬಟ್ಟೆ ಒಣಗುವ ಹಗ್ಗ, ಅಮ್ಮನವರು ಹಪ್ಪಳ ಹಾಕುವ ಮೂಲೆ ಇವೆಲ್ಲ ಹೋಗಿ ಉಳಿದದ್ದು ಫಲಕಕ್ಕೆ. ಆದ್ದರಿಂದ ನಮ್ಮ ಮನೆಗಳಿಗೆ ಮಾನೋ ಸರಿ. ಜಾಗ ತೀರ ಇಕ್ಕಟ್ಟಾಗಿದ್ದರೆ ಟಾಪ್‌ಕಾನ್. ಎರಡರ ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ ಟಾಪ್‌ಕಾನ್ ಆರಿಸಬಹುದು. ಅಂತರ ದೊಡ್ಡದಾಗಿದ್ದು ಜಾಗವೂ ಸಾಕಷ್ಟಿದ್ದರೆ ಪರ್ಕ್ ಹಾಕಿಸಿದವರು ಏನನ್ನೂ ಕಳೆದುಕೊಳ್ಳುವುದಿಲ್ಲ.

5. ಬಿಸಿಗಿಂತ ನೆರಳು ದೊಡ್ಡ ಶತ್ರು

ಫಲಕದ ಮೇಲೆ ಬರೆದ ವಾಟ್ 25 ಡಿಗ್ರಿ ಉಷ್ಣತೆಯಲ್ಲಿ ಅಳೆದದ್ದು. ಬೇಸಿಗೆಯ ಮಧ್ಯಾಹ್ನ ಫಲಕ 60 ಡಿಗ್ರಿಗೆ ಏರಿತೆಂದುಕೊಳ್ಳಿ, 35 ಡಿಗ್ರಿ ಹೆಚ್ಚು. ಒಂದೊಂದು ಡಿಗ್ರಿಗೂ ಪಾಲಿ ನೂರಕ್ಕೆ 0.40 ಭಾಗದಷ್ಟು ಕುಂದಿದರೆ ಒಟ್ಟು 14 ಭಾಗ ನಷ್ಟ. ಪರ್ಕ್ 0.35 ಎಂದರೆ 12ಕ್ಕೆ ಸ್ವಲ್ಪ ಮೇಲೆ. ಟಾಪ್‌ಕಾನ್ 0.30 ಎಂದರೆ ಹತ್ತೂವರೆ. ಅತಿ ಬಿಸಿಯ ಹೊತ್ತಿನಲ್ಲೂ ಇವುಗಳ ನಡುವಿನ ಅಂತರ ನೂರಕ್ಕೆ ಮೂರೂವರೆ ಭಾಗ ಮಾತ್ರ. ಫಲಕದ ಕೆಳಗೆ ಗಾಳಿಯಾಡಲು ಜಾಗ ಬಿಟ್ಟರೆ ಎಲ್ಲ ವಿಧಕ್ಕೂ ಲಾಭ.

ನೆರಳು ಹಾಗಲ್ಲ. ಫಲಕಗಳನ್ನು ಸಾಮಾನ್ಯವಾಗಿ ಸರಪಣಿಯಂತೆ ಒಂದಕ್ಕೊಂದು ಜೋಡಿಸುತ್ತಾರೆ. ಒಂದರ ಮೇಲೆ ಟ್ಯಾಂಕಿನ ನೆರಳು ಬಿದ್ದರೆ ಇಡೀ ಸಾಲಿನ ಉತ್ಪತ್ತಿ ಇಳಿಯಬಹುದು. ಅತ್ಯುತ್ತಮ ಫಲಕವನ್ನು ನೆರಳಿನಲ್ಲಿಟ್ಟರೆ ಸಾಧಾರಣ ಫಲಕವನ್ನು ಬಿಸಿಲಿನಲ್ಲಿ ಇಟ್ಟದ್ದಕ್ಕಿಂತ ಕಡೆ.

ನಮ್ಮ ಕಡೆ ಪಕ್ಕದ ಖಾಲಿ ಸೈಟಿನಲ್ಲಿ ನಾಲ್ಕು ಅಂತಸ್ತು ಏಳಲು ಒಂದು ವರ್ಷ ಸಾಕು. ಆದ್ದರಿಂದ ದಿಕ್ಕು ತಿಳಿದಿರಬೇಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ಮಧ್ಯದ ನಂತರ ಒಮ್ಮೆ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆ. ಆ ನಡುವಿನ ತಿಂಗಳುಗಳಲ್ಲಿ ನೆತ್ತಿಗಿಂತ ತುಸು ಉತ್ತರಕ್ಕೆ, ಉಳಿದ ಕಾಲವೆಲ್ಲ ದಕ್ಷಿಣಕ್ಕೆ. ಡಿಸೆಂಬರಿನಲ್ಲಿ ಮಧ್ಯಾಹ್ನದಲ್ಲೂ ದಕ್ಷಿಣದ ಕಡೆಗೆ ಬಹಳ ವಾಲಿರುತ್ತಾನೆ. ಹೀಗಾಗಿ ಫಲಕ ದಕ್ಷಿಣಕ್ಕೆ ಮುಖಮಾಡಿ 10ರಿಂದ 15 ಡಿಗ್ರಿ ಇಳಿಜಾರಾಗಿರಬೇಕು. ದಕ್ಷಿಣದಲ್ಲಿ ಎದ್ದ ಎತ್ತರದ ಕಟ್ಟಡ ಹೆಚ್ಚು ಕಾಡುತ್ತದೆ, ಪೂರ್ವದ್ದು ಬೆಳಗನ್ನು ಕದಿಯುತ್ತದೆ, ಪಶ್ಚಿಮದ್ದು ಸಂಜೆಯನ್ನು. ಉತ್ತರದ್ದು ಅಷ್ಟಾಗಿ ತೊಂದರೆ ಕೊಡುವುದಿಲ್ಲ.

ಪರೀಕ್ಷೆ ಸುಲಭ. ಡಿಸೆಂಬರ್ ಅಥವಾ ಜನವರಿಯ ಒಂದು ರಜಾದಿನ ಬೆಳಿಗ್ಗೆ 9ಕ್ಕೆ, 12ಕ್ಕೆ, ಮಧ್ಯಾಹ್ನ 3ಕ್ಕೆ ತಾರಸಿಗೆ ಹೋಗಿ ನೆರಳಿನ ಅಂಚನ್ನು ಸೀಮೆಸುಣ್ಣದಿಂದ ಗುರುತಿಸಿ. ಮೂರು ಹೊತ್ತೂ ನೆರಳು ತಾಕದ ಜಾಗವೇ ನಿಮ್ಮ ಫಲಕದ ಜಾಗ. ಮಕ್ಕಳಿಗೂ ಇದು ಒಳ್ಳೆಯ ಭೂಗೋಳದ ಪಾಠ. ನೆರಳು ತಪ್ಪಿಸಲಾಗದಿದ್ದರೆ, ಪ್ರತಿ ಫಲಕವೂ ಬೇರೆ ಬೇರೆಯಾಗಿ ಕೆಲಸ ಮಾಡುವಂತೆ ಮೈಕ್ರೋ ಇನ್ವರ್ಟರ್ ಹಾಕುವ ಉಪಾಯವಿದೆ, ಖರ್ಚು ಹೆಚ್ಚು.

ಕಟ್ಟಡ ಕೆಲಸದ ಧೂಳೂ ನಮ್ಮಲ್ಲಿ ವಿಪರೀತ. ಮಳೆಯಿಲ್ಲದ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆಯಾದರೂ, ಬಿಸಿಲೇರುವ ಮೊದಲು, ಮೆತ್ತನೆಯ ಬಟ್ಟೆಯಿಂದ ತೊಳೆಯಿರಿ. ಬೋರ್‌ವೆಲ್ಲಿನ ಗಡಸು ನೀರಾದರೆ ಒಣಗುವ ಮುಂಚೆ ಒರೆಸಿಬಿಡಿ, ಇಲ್ಲವಾದರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ.

6. ಕರೆಂಟು ಹೋದಾಗ ಏನಾಗುತ್ತದೆ?

‘ಸೋಲಾರ್ ಹಾಕಿದ ಮೇಲೆ ಕರೆಂಟು ಹೋದರೂ ಚಿಂತೆಯಿಲ್ಲ’ ಎಂದು ಅನೇಕರು ನಂಬಿದ್ದಾರೆ. ಬ್ಯಾಟರಿಯಿಲ್ಲದೆ ಬೆಸ್ಕಾಂ ಲೈನಿಗೆ ಜೋಡಿಸಿದ ವ್ಯವಸ್ಥೆ, ಲೈನಿನಲ್ಲಿ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ, ಸುಡುಬಿಸಿಲಿದ್ದರೂ ಸರಿ. ಇದು ದೋಷವಲ್ಲ. ಲೈನಿನ ಮೇಲೆ ದುರಸ್ತಿ ಮಾಡುತ್ತಿರುವ ಕೆಲಸಗಾರನಿಗೆ ನಮ್ಮ ತಾರಸಿಯಿಂದ ಹರಿದ ವಿದ್ಯುತ್ ತಗುಲಿ ಪ್ರಾಣ ಹೋಗದಿರಲಿ ಎಂದೇ ಹಾಗೆ ಮಾಡಿದ್ದಾರೆ.

ಆದ್ದರಿಂದ ನಿಮಗೆ ಬೇಕಾದದ್ದು ಬಿಲ್ಲು ಇಳಿಯುವುದೋ, ಕರೆಂಟು ಹೋದಾಗ ದೀಪವೋ ಎಂದು ತೀರ್ಮಾನಿಸಿ. ಬಿಲ್ಲು ಇಳಿಯುವುದಾದರೆ ಬ್ಯಾಟರಿ ಬೇಡ. ಎರಡೂ ಬೇಕಾದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು, ಖರ್ಚು ಏರುತ್ತದೆ, ಬ್ಯಾಟರಿಯನ್ನು ಕೆಲವು ವರ್ಷಗಳಲ್ಲಿ ಬದಲಿಸಬೇಕು. ಈಗಾಗಲೇ ಯುಪಿಎಸ್ ಇರುವ ಮನೆ ಅದನ್ನೇ ಮುಂದುವರಿಸಬಹುದು. ಇದರಲ್ಲಿ ಯಾವುದಕ್ಕೂ ಫಲಕದ ವಿಧ ಬದಲಾಗಬೇಕಾಗಿಲ್ಲ.

7. ಸಹಾಯಧನ ಮತ್ತು ಕಾಗದಪತ್ರ

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆಯನ್ನು ಆರಂಭಿಸಿತು. ಅದರಡಿ ಮೊದಲ 2 ಕಿಲೋವಾಟಿಗೆ ಕಿಲೋವಾಟಿಗೆ 30,000 ರೂಪಾಯಿಯಂತೆ, ಮೂರನೆಯದಕ್ಕೆ 18,000 ರೂಪಾಯಿ ಸಹಾಯಧನ. ಅಂದರೆ 2 ಕಿಲೋವಾಟಿಗೆ 60,000, ಮೂರು ಅಥವಾ ಅದಕ್ಕಿಂತ ದೊಡ್ಡದಕ್ಕೆ 78,000 ರೂಪಾಯಿ. ಯೋಜನೆಯ ಅವಧಿ 2026-27ರವರೆಗೆ ಎಂದು ಗೊತ್ತುಮಾಡಲಾಗಿದೆ.

ಇಲ್ಲಿ ಫಲಕದ ವಿಧಕ್ಕೆ ನೇರ ಸಂಬಂಧವಿದೆ. ಸಹಾಯಧನ ಬೇಕಾದರೆ ಫಲಕವಷ್ಟೇ ಅಲ್ಲ, ಅದರೊಳಗಿನ ಬಿಲ್ಲೆಗಳೂ ಭಾರತದಲ್ಲೇ ತಯಾರಾಗಿರಬೇಕು. ಇಂಥ ಫಲಕವನ್ನು ವ್ಯಾಪಾರದಲ್ಲಿ ‘ಡಿಸಿಆರ್’ ಎನ್ನುತ್ತಾರೆ. ಹೊರಗಿನ ಬಿಲ್ಲೆಯ ಫಲಕಕ್ಕಿಂತ ಇದಕ್ಕೆ ಬೆಲೆ ಹೆಚ್ಚು. ಅಗ್ಗವೆಂದು ಡಿಸಿಆರ್ ಅಲ್ಲದ್ದನ್ನು ಹಾಕಿಸಿದರೆ ಸಹಾಯಧನ ಕೈತಪ್ಪುತ್ತದೆ. ಅಲ್ಲದೆ 2023ರಲ್ಲಿ ಸರ್ಕಾರ ತನ್ನ ಒಪ್ಪಿಗೆಯ ಪಟ್ಟಿಗೆ ಸೇರುವ ಛಾವಣಿ ಫಲಕಗಳಿಗೆ ಕನಿಷ್ಠ ದಕ್ಷತೆಯನ್ನು ಗೊತ್ತುಮಾಡಿತು. ಸಿಲಿಕಾನ್ ಹರಳಿನ ಫಲಕಕ್ಕೆ ಅದು ನೂರಕ್ಕೆ 19.5. ಹಳೆಯ ಪಾಲಿ ಫಲಕ ಈ ಗೆರೆಯನ್ನು ಮುಟ್ಟುವುದಿಲ್ಲ. ಹಳೇ ದಾಸ್ತಾನಿನ ನೀಲಿ ಫಲಕವನ್ನು ‘ಅರ್ಧ ಬೆಲೆ’ ಎಂದು ಯಾರಾದರೂ ಕೊಡಲು ಬಂದರೆ ಕಾರಣ ಇದೂ ಆಗಿರಬಹುದು.

ಸಹಾಯಧನ ಕೆಲಸ ಮುಗಿದು ಪರಿಶೀಲನೆಯಾದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ. ಅರ್ಜಿ ಹಾಕುವ ಮುನ್ನ ಮೀಟರ್ ಯಾರ ಹೆಸರಿನಲ್ಲಿದೆ ನೋಡಿ. ತೀರಿಹೋದ ತಂದೆಯವರ ಹೆಸರಿನಲ್ಲೇ ಉಳಿದಿದ್ದರೆ ಮೊದಲು ಬೆಸ್ಕಾಂ ಕಚೇರಿಯಲ್ಲಿ ಹೆಸರು ಬದಲಿಸಿಕೊಳ್ಳಿ. ಅಣ್ಣತಮ್ಮಂದಿರ ಪಾಲಿನ ಮನೆಯಾದರೆ ತಾರಸಿಯ ಹಕ್ಕು ಯಾರದೆಂದು ಮೊದಲೇ ಮಾತನಾಡಿ ಬರೆದಿಟ್ಟುಕೊಳ್ಳುವುದು ಸಂಬಂಧಕ್ಕೂ ಒಳ್ಳೆಯದು.

ಗ್ಯಾರಂಟಿಯಲ್ಲಿ ಎರಡಿವೆ. ಫಲಕವೇ ಕೆಟ್ಟರೆ ಬದಲಿಸಿಕೊಡುವುದು ಒಂದು, ಸಾಮಾನ್ಯವಾಗಿ 10ರಿಂದ 12 ವರ್ಷ. 25 ವರ್ಷವಾದರೂ ನೂರಕ್ಕೆ ಸುಮಾರು 80 ಭಾಗ ವಿದ್ಯುತ್ ಕೊಡುತ್ತದೆ ಎಂಬುದು ಇನ್ನೊಂದು. ಮಾರುವವರು ಎರಡನೆಯದನ್ನೇ ದೊಡ್ಡದಾಗಿ ಹೇಳುತ್ತಾರೆ. ನೀವು ಮೊದಲನೆಯದನ್ನು ಕೇಳಿ. ಇನ್ವರ್ಟರಿನ ಆಯಸ್ಸು ಫಲಕಕ್ಕಿಂತ ಕಡಿಮೆ, ಒಮ್ಮೆಯಾದರೂ ಬದಲಿಸುವ ಖರ್ಚು ಮನಸ್ಸಿನಲ್ಲಿರಲಿ.

8. ದೊಡ್ಡ ಛಾವಣಿಯ ಒಂದು ಉದಾಹರಣೆ

2008ರಲ್ಲಿ, ವಿಶ್ವಗುರು ಹದಿನಾರನೆಯ ಬೆನೆಡಿಕ್ಟರ ಕಾಲದಲ್ಲಿ, ವ್ಯಾಟಿಕನ್‌ನ ಆರನೆಯ ಪೌಲ್ ಸಭಾಂಗಣದ ಮೇಲೆ ಸುಮಾರು 2,400 ಸೌರಫಲಕಗಳನ್ನು ಹಾಕಿದರು. ಆ ಸಭಾಂಗಣದ ಛಾವಣಿಯ ಹಳೆಯ ಕಾಂಕ್ರೀಟ್ ಹಲಗೆಗಳು ಹಾಳಾಗಿ ಹೇಗೂ ಬದಲಿಸಬೇಕಾಗಿತ್ತು. ಅವುಗಳ ಜಾಗದಲ್ಲಿ ಫಲಕಗಳು ಕೂತವು. 2015ರಲ್ಲಿ ವಿಶ್ವಗುರು ಫ್ರಾನ್ಸಿಸ್‌ರವರು ‘ಲೌದಾತೊ ಸಿ’ ಎಂಬ ವಿಶ್ವಪತ್ರದಲ್ಲಿ ಸೃಷ್ಟಿಯನ್ನು ನಮ್ಮೆಲ್ಲರ ಮನೆ ಎಂದು ಕರೆದು, ಅದನ್ನು ಕಾಪಾಡುವ ಹೊಣೆ ನಮ್ಮದೆಂದರು. ಆ ಹೊಣೆಗೆ ನಮ್ಮ ಪುಟ್ಟ ತಾರಸಿಯೂ ಸೇರುತ್ತದೆ. ಆದರೆ ಮನೆಮಂದಿಯನ್ನು ಸಾಲದಲ್ಲಿ ಮುಳುಗಿಸಿ ಹಾಕಿಸಿದ ಫಲಕ ಯಾರಿಗೂ ಬೆಳಕಾಗುವುದಿಲ್ಲ.

ಮನೆಮಂದಿಯೆಲ್ಲ ಕುಳಿತು ಉತ್ತರಿಸಿರಿ

ಕೊಟೇಶನ್ ಕೇಳುವ ಮುಂಚೆ ಈ ಪ್ರಶ್ನೆಗಳಿಗೆ ಒಂದು ಸಂಜೆ ಎಲ್ಲರೂ ಕೂಡಿ ಉತ್ತರ ಬರೆಯಿರಿ. ದುಡಿಯುವವರು ಮಾತ್ರವಲ್ಲ, ಮನೆ ನಡೆಸುವವರೂ ಹಿರಿಯರೂ ಮಾತನಾಡಲಿ.

1. ತಿಂಗಳಿಗೆ ನಮ್ಮ ಸರಾಸರಿ ಎಷ್ಟು ಯೂನಿಟ್? ನಾವು ಗೃಹಜ್ಯೋತಿಯಲ್ಲಿ ಇದ್ದೇವೆಯೇ?
2. ನೆರಳು ಬೀಳದ ಜಾಗ ಎಷ್ಟು ಚದರ ಅಡಿ? ದಕ್ಷಿಣದಲ್ಲಿ ಖಾಲಿ ಸೈಟು ಇದೆಯೇ?
3. ನಮಗೆ ಬೇಕಾದದ್ದು ಬಿಲ್ಲಿನ ಉಳಿತಾಯವೋ, ಕರೆಂಟು ಹೋದಾಗ ದೀಪವೋ?
4. ತಾರಸಿ ಗಟ್ಟಿಯಾಗಿದೆಯೇ? ಒಂದೊಂದು ದೊಡ್ಡ ಫಲಕ 28 ಕಿಲೋ, ಎರಡು ಮುಖದ್ದಾದರೆ 32 ಕಿಲೋವರೆಗೂ ತೂಗುತ್ತದೆ. ಹೆಂಚಿನ ಮನೆಯಾದರೆ ಮರದ ತೊಲೆಗಳನ್ನು ತಿಳಿದವರಿಂದ ನೋಡಿಸಿದ್ದೇವೆಯೇ?
5. ಹಣ ಎಲ್ಲಿಂದ? ಸಾಲವಾದರೆ ತಿಂಗಳ ಕಂತು ತಿಂಗಳ ಉಳಿತಾಯಕ್ಕಿಂತ ಹೆಚ್ಚಾಗುತ್ತದೆಯೇ?
6. ಮೂರು ಕಡೆಯಿಂದ ಕೊಟೇಶನ್ ತಂದಿದ್ದೇವೆಯೇ? ಅದರಲ್ಲಿ ಫಲಕದ ಕಂಪನಿ, ವಿಧ, ವಾಟ್, ಡಿಸಿಆರ್ ಹೌದೋ ಅಲ್ಲವೋ, ಕಂಬಗಳು ಸತು ಲೇಪಿಸಿದವೋ, ಅರ್ಥಿಂಗ್ ಸೇರಿದೆಯೋ ಎಂಬುದೆಲ್ಲ ಬರಹದಲ್ಲಿದೆಯೇ?

ಈ ಆರಕ್ಕೂ ಉತ್ತರ ಸಿಕ್ಕ ಮನೆಯಲ್ಲಿ, ಸಾಮಾನ್ಯವಾಗಿ ಕೊನೆಗೆ ಉಳಿಯುವ ತೀರ್ಮಾನ ಇಷ್ಟೇ: ಬಳಕೆಗೆ ತಕ್ಕ 2 ಅಥವಾ 3 ಕಿಲೋವಾಟ್, ಭಾರತದ ಬಿಲ್ಲೆಯ ಮಾನೋ ಫಲಕ, ಹಾಫ್ ಕಟ್, ನೆರಳಿಲ್ಲದ ಜಾಗದಲ್ಲಿ ದಕ್ಷಿಣಕ್ಕೆ ಮುಖ. ಉತ್ತರ ಸಿಗದ ಪ್ರಶ್ನೆ ಒಂದಾದರೂ ಇದ್ದರೆ ಮುಂಗಡ ಕೊಡುವುದನ್ನು ಮುಂದಿನ ತಿಂಗಳಿಗೆ ಇಡಿ. ಬಿಸಿಲು ಎಲ್ಲಿಗೂ ಹೋಗುವುದಿಲ್ಲ.